ಎದುರು ಮನೆಯ ಇಟ್ಟು

ತಿಂದದ್ದಕ್ಕೇ ಮಾನ ಹೋಗುವುದು ಬೇರೆಯವರಿಗೆ ಎಷ್ಟು ಸಲವೋ ಗೊತ್ತಿಲ್ಲ, ನನಗೆ ಮಾತ್ರ ಬಸ್ಸು ತಪ್ಪಿದಷ್ಟೇ ಸಲೀಸಾಗಿ ಹೋಗುತ್ತಿರುತ್ತದೆ. ಆಸ್ಪತ್ರೆಗಳಲ್ಲಿ ಸ್ಕ್ಯಾನ್ ಯಂತ್ರ ಕೂರಿಸಿ, ಅದನ್ನು ನಡೆಸುವುದು ಹೇಗೆಂದು ಅಲ್ಲಿನವರಿಗೆ ಕಲಿಸಿ ಬರುವುದು ನನ್ನ ಕೆಲಸ. ಇಪ್ಪತ್ತು ವರ್ಷದಿಂದ ಕಾಲು ಒಂದು ಕಡೆ ನಿಂತಿಲ್ಲ. ಹೋದಲ್ಲೆಲ್ಲ ತಟ್ಟೆಗೆ ಬಿದ್ದದ್ದನ್ನು ಏನು ಎತ್ತ ಎಂದು ಕೇಳದೆ ತಿಂದಿದ್ದೇನೆ. ಅದಕ್ಕೆ ನಾಚಿಕೆಯಿಲ್ಲ. ನನ್ನ ನಾಚಿಕೆಯೆಲ್ಲ ಇರುವುದು ತಮಿಳುನಾಡಿನ ಮಾರಂಡಹಳ್ಳಿ ಪಕ್ಕದ ನಮ್ಮೂರಿನಲ್ಲಿ ದಿನಾ ಬೇಯುವ ರಾಗಿ ಮುದ್ದೆಯಲ್ಲಿ. ನಾವು ಅದಕ್ಕೆ ಇಟ್ಟು ಅನ್ನುತ್ತೇವೆ.

೧. ಕಪ್ಪು ಇಡ್ಲಿ

ಚಿಕ್ಕವಳಿದ್ದಾಗ ನನಗೆ ಇಟ್ಟು ಕಂಡರೆ ಗಂಟಲು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಅಮ್ಮ ಅತ್ತ ತಿರುಗಿದ್ದೇ ತಡ, ಮುದ್ದೆ ಹಿತ್ತಿಲ ಕಲಗಚ್ಚಿನ ತೊಟ್ಟಿಗೆ. ಎಮ್ಮೆ ದಿನೇ ದಿನೇ ಮಿರುಗತೊಡಗಿತು, ನಾನು ಸೊರಗಿದೆ. "ಎಮ್ಮೆಗೆ ಈ ವರ್ಸ ಏನೋ ಒಳ್ಳೆ ಗಳಿಗೆ ಕೂಡ್ ಬಂದೈತೆ" ಅಂತ ಅಮ್ಮ ಬೀದಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು.

ನಾನು ಓದಿದ್ದು ತಮಿಳು ಶಾಲೆ. ಟೀಚರ್ ದಿನಾ ಬೆಳಿಗ್ಗೆ "ಎನ್ನ ಸಾಪ್ಟೆ?", ಏನು ತಿಂದೆ ಅಂತ ಒಬ್ಬೊಬ್ಬರನ್ನೇ ಕೇಳುತ್ತಿದ್ದರು. ಆಫೀಸು ಕೆಲಸದವರ ಮಕ್ಕಳು ಇಡ್ಲಿ, ದೋಸೆ ಅನ್ನುತ್ತಿದ್ದರು. ನಮ್ಮ ಮನೆಯಲ್ಲಿ ಇಡ್ಲಿ ಬೇಯುತ್ತಿದ್ದುದು ದೀಪಾವಳಿಗೆ ಮಾತ್ರ. ಆದರೂ ನಾನು ವರ್ಷಪೂರ್ತಿ "ಇಡ್ಲಿ ಟೀಚರ್" ಅಂದೆ.

ಒಂದು ದಿನ ಎಮ್ಮೆ ಬೇಗ ಮೇಯಲು ಹೋಗಿಬಿಟ್ಟಿತ್ತು. ದಿಕ್ಕು ತೋಚದೆ ಮುದ್ದೆಯನ್ನು ಹಳೇ ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೋದೆ, ದಾರಿಯಲ್ಲಿ ಎಸೆಯುವುದು ಮರೆತೆ. ಟೀಚರ್ ನೋಟ್‌ಬುಕ್ ಹುಡುಕಲು ನನ್ನ ಚೀಲಕ್ಕೆ ಕೈ ಹಾಕಿದರು. ಕೈಗೆ ಬಂದ ಉಂಡೆಯನ್ನು ಇಡೀ ಕ್ಲಾಸಿಗೆ ಎತ್ತಿ ಹಿಡಿದು ಕೇಳಿದರು: "ಉಂಗ ವೀಟ್ಲ ಇಡ್ಲಿ ಕರುಪ್ಪಾ ಇರುಕ್ಕುಮಾ?" ನಿಮ್ಮ ಮನೆಯಲ್ಲಿ ಇಡ್ಲಿ ಕಪ್ಪಗಿರುತ್ತದಾ ಅಂತ.

ಸಂತೆಯಲ್ಲಿ ಸಿಕ್ಕ ಅಮ್ಮನಿಗೂ ಟೀಚರ್ ನಗುತ್ತಲೇ ಇದನ್ನು ಹೇಳಿದರು. ಅಮ್ಮ ನಗಲಿಲ್ಲ. ಮುದ್ದೆ ಹಾಳಾದದ್ದಕ್ಕಿಂತ ನಾನು ಇಡ್ಲಿ ಅಂದದ್ದು ಅವಳಿಗೆ ಚುಚ್ಚಿತ್ತು. ಸಂತೆಯ ಚೀಲ ಕೂಡ ಇಳಿಸದೆ ನೇರ ಮಾರಮ್ಮನ ಗುಡಿಗೆ ಎಳಕೊಂಡು ಹೋಗಿ, ಕೈ ಮುಗಿದು, ಬೀದಿಗೆಲ್ಲ ಕೇಳುವ ಹಾಗೆ ಹರಕೆ ಕಟ್ಟಿದಳು: "ತಾಯಿ, ನನ್ ಮಗಳು ತಾನಾಗ್ ಬಾಯಿಬಿಟ್ಟು 'ಅಮ್ಮಾ, ಇಟ್ಟು ಆಕು' ಅನ್ನೋಗಂಟ ನಾನು ಮಾವಿನಣ್ಣು ಮುಟ್ಟಾಕಿಲ್ಲ."

ಅಮ್ಮನಿಗೆ ಮಾವು ಅಂದರೆ ಪ್ರಾಣ. ಓಟೆ ಬೆಳ್ಳಗಾಗುವವರೆಗೆ ಚೀಪುವವಳು. ವಾರದಲ್ಲಿ ಮರೆಯುತ್ತಾಳೆ ಅಂದುಕೊಂಡೆ. ಆ ಬೇಸಿಗೆ ನಮ್ಮ ಹಿತ್ತಿಲ ಮರ ಎಂದೂ ಇಲ್ಲದ ಹಾಗೆ ಬಿಟ್ಟಿತು. ಅಮ್ಮ ಒಂದೂ ಮುಟ್ಟದೆ ಎಲ್ಲ ಹಂಚಿದಳು. ಅತಿ ಹೆಚ್ಚು ತಿಂದವಳು ನಾನೇ.

೨. ಉಗಾಂಡದ ಅಜ್ಜಿ

ಹನ್ನೆರಡು ವರ್ಷದ ಹಿಂದೆ ಉಗಾಂಡದ ಒಂದು ಬೆಟ್ಟದೂರಿಗೆ ಯಂತ್ರ ಕೂರಿಸಲು ಹೋಗಿದ್ದೆ. ಭಾನುವಾರ ಅಲ್ಲಿನ ಹೆಡ್ ನರ್ಸು ಮನೆಗೆ ಊಟಕ್ಕೆ ಕರೆದಳು. ಅವಳ ತಾಯಿ ಮುಚ್ಚಳದ ಪುಟ್ಟ ಬುಟ್ಟಿಯೊಂದನ್ನು ತಂದು ನನ್ನ ಮುಂದಿಟ್ಟು ಮುಚ್ಚಳ ತೆಗೆದರು. ಹಬೆ ಮೂಗಿಗೆ ಬಡಿದದ್ದೇ ನಾನು ಒಂಬತ್ತು ವರ್ಷದವಳಾಗಿ ಎಮ್ಮೆ ಎಲ್ಲಿದೆ ಅಂತ ಸುತ್ತ ನೋಡಿದೆ. ರಾಗಿ! ಏಳು ಸಮುದ್ರ ದಾಟಿ ಬಂದರೂ ಇಟ್ಟು ನನ್ನನ್ನು ಹಿಡಿದಿತ್ತು.

ಮರ್ಯಾದೆಗೆ ಅಂತ ಒಂದು ತುತ್ತು ಮುರಿದು ಕಡಲೆಕಾಯಿ ಗೊಜ್ಜಿನಲ್ಲಿ ಅದ್ದಿದೆ. ಇಳಿಯಿತು. ಇನ್ನೊಂದು. ಇಳಿದದ್ದೇ ತಿಳಿಯಲಿಲ್ಲ. ಬುಟ್ಟಿಯ ತಳ ಕಂಡಾಗಲೇ ಮೈಮೇಲೆ ಎಚ್ಚರ ಬಂದದ್ದು. ಆ ಅಜ್ಜಿ ಕಣ್ಣರಳಿಸಿ ಕೇಳಿದರು: "ಬಂದವರೆಲ್ಲ ಅಗಿದು ಒದ್ದಾಡುತ್ತಾರೆ. ನೀನು ನುಂಗುತ್ತೀ! ಯಾರು ಕಲಿಸಿದರು?"

"ಯಾರೂ ಇಲ್ಲ," ಅಂದೆ. "ಇದನ್ನ ನೋಡ್ತಿರೋದೇ ಮೊದಲು."

ಯಾಕೆ ಹಾಗಂದೆನೋ! ಹಳೇ ಅಭ್ಯಾಸ ಇರಬೇಕು. ಅಜ್ಜಿಗೆ ಖುಷಿಯೋ ಖುಷಿ. "ಹಾಗಾದ್ರೆ ನಿನ್ನಲ್ಲಿ ನಮ್ಮ ರಕ್ತ ಇದೆ" ಅಂತ ತಬ್ಬಿಕೊಂಡರು.

ಸಂಜೆ ಅಮ್ಮ ಫೋನ್ ಮಾಡಿದಳು. ಊರಲ್ಲಿ ಮಾವಿನ ಕಾಲ. "ಏನ್ ತಿಂದೆ?" ಅಂದಳು. "ಅನ್ನ" ಅಂದೆ. "ಪಾವಂ, ಅಲ್ಲೂ ಅನ್ನ ಸಿಕ್ತಲ್ಲ, ಬಿಡು." ಒಂದು ಬುಟ್ಟಿ ಮುದ್ದೆಗೆ ಅಮ್ಮನನ್ನು ಬಿಟ್ಟು ಉಗಾಂಡದ ಅಜ್ಜಿಗೆ ಮೊಮ್ಮಗಳಾದೆ.

೩. ಸೀಸೆಯೊಳಗಿನ ನುಗ್ಗೆ

ಊರಿಗೆ ಹೋದಾಗ ಹೇಳಿಬಿಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಹೇಳಬಹುದಿತ್ತು. ಆದರೆ ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಅಮ್ಮ ನನಗೊಬ್ಬಳಿಗೇ ಅಂತ ಸಣ್ಣಕ್ಕಿ ಅನ್ನ ಬಸಿದಿರುತ್ತಿದ್ದಳು. ಅವಳ ತಟ್ಟೆಯಲ್ಲಿ ಇಟ್ಟು, ಹುರುಳಿ ಸಾರು. ನಾನು ಅನ್ನ ಕಲಸುತ್ತಾ ಅವಳ ತಟ್ಟೆಯನ್ನೇ ನೋಡುತ್ತಿದ್ದೆ. "ವಾಸ್ನೆ ಆಗಾಕಿಲ್ವಾ? ಅತ್ಲಾಗ್ ತಿರುಕ್ಕೊಂತೀನಿ ತಡಿ" ಅಂತ ಅವಳೇ ಗೋಡೆ ಕಡೆ ತಿರುಗಿ ಕೂತು ತಿನ್ನುತ್ತಿದ್ದಳು. ಅಂಥವಳಿಗೆ ಏನಂತ ಹೇಳುವುದು? ಒಂದು ವರ್ಷ ತಡವಾದರೆ ನಗಬಹುದು. ಐದು ವರ್ಷವಾದ ಮೇಲೆ ಹೇಳಿದರೆ "ಯಾವಾಗಿಂದ?" ಅನ್ನುವ ಪ್ರಶ್ನೆ ಬರುತ್ತದೆ.

ಒಂದು ಸಲ ಏರ್‌ಪೋರ್ಟಿನಲ್ಲಿ ಕೊಂಡ ಹಸಿರು ಪುಡಿಯ ಸೀಸೆ ನನ್ನ ಪೆಟ್ಟಿಗೆಯಿಂದ ಉರುಳಿತು. "ಇದೇನೇ?" ಅಂದಳು ಅಮ್ಮ.

"ನುಗ್ಗೆ ಸೊಪ್ಪಿನ ಪುಡಿ. ನೀರಿಗೆ ಹಾಕಿ ಕುಡಿಯೋದು."

ಅಮ್ಮ ಸೀಸೆಯನ್ನು ನೋಡಿದಳು. ಹಿತ್ತಿಲ ನುಗ್ಗೆ ಮರವನ್ನು ನೋಡಿದಳು. ಚಿಕ್ಕಂದಿನಲ್ಲಿ ಆ ಮರದ ಸೊಪ್ಪನ್ನು ಪಲ್ಯದಿಂದ ಒಂದೊಂದೇ ಎಲೆ ಆರಿಸಿ ಮಣೆಯ ತಳಕ್ಕೆ ಅಂಟಿಸುತ್ತಿದ್ದವಳು ನಾನು. ಅಮ್ಮ ಚೂರು ಪುಡಿಯನ್ನು ಆಡಿನ ಮುಂದೆ ಹಿಡಿದಳು. ಆಡು ಮೂಸಿ ಮುಖ ತಿರುಗಿಸಿತು. "ಇದುಕ್ಕೇ ಬೇಡ್ವಂತೆ" ಅಂದಳು. ಆಮೇಲೆ ಮೆಲ್ಲಗೆ, ಬಲು ಆಸೆಯಿಂದ ಕೇಳಿದಳು: "ನುಗ್ಗೆ ಸೊಪ್ಪು ತಿಂತೀಯ ಅಂದ್ರೆ... ಇಟ್ಟೂ?"

ಬಾಯಿ ತೆರೆದೆ. "ಅಯ್ಯೋ, ಇಟ್ಟು ಆಗಲ್ಲಮ್ಮ" ಅನ್ನುವುದು ಬಂತು.

ಹೋದ ವರ್ಷ ಅವಳಿಗೆ ಶುಗರ್ ಅಂತಾಯಿತು. ತಿನ್ನಬಾರದ್ದರ ಪಟ್ಟಿಯನ್ನು ನಾನೇ ಗೋಡೆಗೆ ಅಂಟಿಸಿ, ಮಾವಿನ ಹಣ್ಣಿನ ಕೆಳಗೆ ಎರಡು ಗೆರೆ ಎಳೆದೆ. ಅಮ್ಮ ನಕ್ಕಳು. "ಅದುನ್ನ ನಾನು ಆ ಡಾಕ್ಟ್ರು ಉಟ್ಟಾಕ್ ಮುಂಚೇನೇ ಬಿಟ್ಟಿವ್ನಿ."

೪. ಸೇಲಂ ಹೋಟೆಲು

ಕಳೆದ ಬೇಸಿಗೆ ಸೇಲಂನ ದೊಡ್ಡ ಹೋಟೆಲೊಂದರಲ್ಲಿ ಡಾಕ್ಟರುಗಳ ಸಭೆ. ಊಟದ ಸಾಲಿನ ಕೊನೆಯಲ್ಲಿ ಸಿರಿಧಾನ್ಯದ ಮೇಜು. ಅಲ್ಲಿ ನಿಂಬೆಹಣ್ಣಿನ ಗಾತ್ರದ ಇಟ್ಟು, ಔನ್ಸ್ ಗ್ಲಾಸಿನಲ್ಲಿ ಹುರುಳಿ ಸಾರು. ಐದು ಮುಗಿಸಿ ಆರನೆಯದಕ್ಕೆ ಕೈ ಚಾಚಿದಾಗ ಬಡಿಸುತ್ತಿದ್ದ ಹುಡುಗಿ ಪಿಸುಗುಟ್ಟಿದಳು: "ಅಕ್ಕಾ, ನೀವಾ?"

ನಮ್ಮ ಎದುರು ಮನೆ ಅತ್ತೆಯ ಮಗಳು! ಹೋಟೆಲ್ ಕೆಲಸಕ್ಕೆ ಸೇರಿದ್ದಾಳೆ ಅಂತ ಕೇಳಿದ್ದೆ, ಯಾವ ಹೋಟೆಲು ಅಂತ ಕೇಳಿರಲಿಲ್ಲ.

"ನೀವು ಇಟ್ಟು ತಿನ್ನಲ್ಲ ಅಂತ ಊರಿಗೇ ಗೊತ್ತಲ್ಲಕ್ಕಾ. ನಿಮ್ಮಮ್ಮ ಮಾವಿನಣ್ಣು..."

"ಗೊತ್ತು ಕಣೇ. ಅಮ್ಮಂಗೆ ಹೇಳ್ಬೇಡ."

"ಸತ್ಯವಾಗ್ಲೂ ನಿಮ್ಮಮ್ಮಂಗೆ ಹೇಳಲ್ಲ" ಅಂದಳು. ಮಾತು ಉಳಿಸಿಕೊಂಡಳು. ತನ್ನ ಅಮ್ಮನಿಗೆ ಹೇಳಿದಳು.

೫. ಎರಡು ಮುದ್ದೆ

ಮುಂದಿನ ಸಲ ಊರಿಗೆ ಹೋದಾಗ ಅತ್ತೆ ಬೀದಿಯಲ್ಲೇ ತಡೆದರು. "ಒಳಿಕ್ ಬಾ. ಇಟ್ಟು ಬಿಸಿಯಾಗೈತೆ. ನಾನ್ ಯಾರ್ಗೂ ಯೋಳಾಕಿಲ್ಲ." ಕಳ್ಳಿಗೆ ಬಾಗಿಲು ತೆರೆದಿಟ್ಟ ಹಾಗಾಯಿತು. ಅವತ್ತಿನಿಂದ ಊರಿಗೆ ಬಂದಾಗಲೆಲ್ಲ ಮೊದಲು ಎದುರು ಮನೆಯಲ್ಲಿ ಕಂಠಮಟ್ಟ ಇಟ್ಟು, ಆಮೇಲೆ ನಮ್ಮ ಮನೆಯಲ್ಲಿ ಅನ್ನದ ಮುಂದೆ ಕೂತು ತೇಗು ನುಂಗುವುದು. "ಊರೂರು ತಿರುಗಿ ಒಟ್ಟೆನೇ ಸತ್ತೋಗೈತೆ ಮಗೀಗೆ" ಅಂತ ಅಮ್ಮ ಕಣ್ಣೊರೆಸಿಕೊಳ್ಳುತ್ತಿದ್ದಳು.

ಈ ಬೇಸಿಗೆಯ ಒಂದು ಮಧ್ಯಾಹ್ನ ಅಮ್ಮನ ಇಟ್ಟಿನ ಕೋಲು ಮುರಿಯಿತು. ಅತ್ತೆಯ ಕೋಲು ಕೇಳಲು ಅವಳು ಸೀದಾ ಎದುರು ಮನೆಯ ಅಡುಗೆಮನೆಗೇ ಬಂದಳು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ ನನ್ನ ಕೈ ಸಾರಿನಲ್ಲಿ, ತುತ್ತು ಗಂಟಲಲ್ಲಿ.

ಅತ್ತೆ ಅಂದರು: "ಅದು... ಸುಮ್ಮಾ ರುಚಿ ನೋಡ್ತಾವ್ಳೆ."

ಅಮ್ಮ ತಟ್ಟೆ ನೋಡಿದಳು. "ರುಚಿ ನೋಡಾಕೆ ಎಲ್ಡು ಮುದ್ದೆ ಬೇಕಾ?"

ಕೋಲು ತೆಗೆದುಕೊಂಡು ಹೊರಟುಹೋದಳು. ನಾನು ಎಂಜಲು ಕೈಯಲ್ಲೇ ಹಿಂದೆ ಓಡಿದೆ. ಒಲೆಯ ಮುಂದೆ ನನಗೆ ಬೆನ್ನು ಹಾಕಿ ಇಟ್ಟು ತಿರುವುತ್ತಿದ್ದಳು.

"ಯಾವಾಗಿಂದ?"

ಅದೇ ಪ್ರಶ್ನೆ. "ಹನ್ನೆರಡು ವರ್ಷ."

ಕೋಲು ನಿಂತಿತು. "ಅನ್ನೆಲ್ಡು ಬ್ಯಾಸ್ಗೆ," ಅಂದಳು. ಕೋಲು ಮತ್ತೆ ತಿರುಗಿತು.

"ಹೇಳೋಕೆ ನಾಚಿಕೆಯಾಯ್ತಮ್ಮ."

"ತಿನ್ನಾಕ್ ನಾಚ್ಕೆ ಆಗ್ಲಿಲ್ವಾ?"

ಮಣೆ ಎಳೆದುಕೊಂಡು ಕೂತು ತಟ್ಟೆ ಮುಂದೆ ಮಾಡಿದೆ. "ಅಮ್ಮಾ, ಇಟ್ಟು ಹಾಕು."

"ಒಟ್ಟೆ ತುಂಬೈತಲ್ಲ."

"ಆದ್ರೂ ಹಾಕು."

ನನ್ನ ತಲೆಯಷ್ಟು ದೊಡ್ಡ ಮುದ್ದೆ ಕಟ್ಟಿ ಹಾಕಿದಳು. ನಾನು ಕೊನೆಯ ತುತ್ತು ನುಂಗಿ ಬಾಯಿ ತೆರೆದು ತೋರಿಸುವವರೆಗೂ ಎದುರಿಗೇ ಕೂತಿದ್ದಳು. ಆಮೇಲೆ ಕೈ ತೊಳೆದು, ಗುಡಿ ಇರುವ ದಿಕ್ಕಿಗೆ ಕೈ ಮುಗಿದು, ಹಿತ್ತಿಲಿಗೆ ಹೋಗಿ, ಸೆರಗಿನಲ್ಲಿ ನಾಲ್ಕು ಮಾವಿನ ಹಣ್ಣು ತಂದು ನನ್ನ ಮುಂದೆ ಸುರಿದಳು.

ನನ್ನ ಕಣ್ಣು ಗೋಡೆಯ ಪಟ್ಟಿಯ ಕಡೆಗೆ ಹೋಯಿತು. ನಾನೇ ಎಳೆದ ಎರಡು ಗೆರೆ. "ಅಮ್ಮಾ, ಶುಗರ್... ಡಾಕ್ಟ್ರು..."

"ನಾನು ಅರಕೆ ಕಟ್ಟಿದ್ದು ಮಾರಮ್ಮಂಗೆ ಕಣೇ," ಅಂದಳು, ಹಣ್ಣಿನ ತೊಟ್ಟು ಕಿತ್ತು ಮೂಸುತ್ತಾ. "ಡಾಕ್ಟ್ರುಗೆ ನಾನೇನೂ ಕಟ್ಟಿಲ್ಲ. ಓಗು, ಚಾಕು ತಕ್ಕೊಂಬಾ."