ಎರಡೂ ಕಿವಿ ಕಾಣಿಸುತ್ತಿರಬೇಕು

ಓದಿದ್ದನ್ನು ಮರೆಯುವವರು ಎಲ್ಲ ಕಡೆಯೂ ಇದ್ದಾರೆ. ಓದಬೇಕಾದದ್ದನ್ನೇ ಮರೆತು ಕಾಲೇಜಿನಿಂದ ಎದ್ದು ಬಂದವಳು ಇಡೀ ಮಿಲ್ವಾಕಿಯಲ್ಲಿ ನಾನೊಬ್ಬಳೇ ಇರಬೇಕು. ಶಿಶುಶಿಕ್ಷಣದ ಡಿಗ್ರಿಗೆ ಬೇಕಾದದ್ದೆಲ್ಲ, ಪುಟ್ಟ ಕೈಗಳಿಗೆ ಕತ್ತರಿ ಹಿಡಿಸುವ ವಿದ್ಯೆಯ ತನಕ, ಮುಗಿಸಿದ್ದೆ. ಒಂದು ಗಣಿತ, ಒಂದು ವಿಜ್ಞಾನ ಮಾತ್ರ ಆಮೇಲೆ ನೋಡಿಕೊಂಡರಾಯಿತು ಎಂದು ಬದಿಗೆ ಸರಿಸಿಟ್ಟಿದ್ದೆ. ಆ ‘ಆಮೇಲೆ’ಯೊಳಗೆ ಟ್ರೆಂಟ್ ಬಂದ, ಮದುವೆ ನುಗ್ಗಿತು, ಜೂನಿ ಹುಟ್ಟಿದಳು. ಗಣಿತ ವಿಜ್ಞಾನಗಳು ಬಾಗಿಲಲ್ಲೇ ನಿಂತುಬಿಟ್ಟವು.

ನಿಂತಿದ್ದರೆ ನಿಂತಿರಲಿ ಎಂದು ನಾನೂ ಸುಮ್ಮನಿರುತ್ತಿದ್ದೆ. ಆದರೆ ನಾನು ಸಹಾಯಕಿಯಾಗಿರುವ ಶಿಶುವಿಹಾರದಲ್ಲಿ ನಾಲ್ಕು ವರ್ಷದವರ ಕೋಣೆಯ ಟೀಚರು ಕೆಲಸ ಬಿಡುವ ಸುದ್ದಿ ಬಂತು. ಆ ಕೋಣೆಯ ಮೇಲೆ ನನಗೆ ಮೊದಲಿನಿಂದಲೂ ಕಣ್ಣು. ಅಲ್ಲಿಯ ಮಕ್ಕಳು ಮೂಗನ್ನು ಸ್ವತಃ ಒರೆಸಿಕೊಳ್ಳುತ್ತಾರೆ, ಕಥೆ ಹೇಳಿದರೆ ಮಧ್ಯದಲ್ಲಿ ಎದ್ದುಹೋಗುವುದಿಲ್ಲ, ಟೀಚರನ್ನು ದೇವರೆಂದು ತಿಳಿಯುತ್ತಾರೆ. ಮುಖ್ಯಸ್ಥೆ ಮಿಸೆಸ್ ಹಾಲ್ವರ್ಸನ್ ನನ್ನನ್ನು ಕರೆದು, ಕೋಣೆ ನಿನಗೇ ಕೊಡಬೇಕೆಂದಿದೆ, ಆದರೆ ಡಿಗ್ರಿಯಿಲ್ಲದವರಿಗೆ ಕೊಡುವಂತಿಲ್ಲ, ಆಗಸ್ಟ್ ಒಂದರವರೆಗೆ ಕಾಯುತ್ತೇನೆ ಎಂದರು. ಅದಾದ ಮೇಲೆ ಬ್ರಿಯೆಲ್‌ಗೆ. ಬ್ರಿಯೆಲ್ ಎಂದರೆ ಮೊನ್ನೆ ಮೊನ್ನೆ ಡಿಗ್ರಿ ಮುಗಿಸಿದ, ಇಪ್ಪತ್ತೆರಡರ, ಯಾವ ಅಂಗಿಯ ಭುಜದ ಮೇಲೂ ಮಗು ಕಕ್ಕಿದ ಕಲೆ ಇಲ್ಲದ ಹುಡುಗಿ.

ಕ್ಲಾಸಿಗೆ ಹೋಗದೆ, ಪರೀಕ್ಷೆಯೊಂದನ್ನೇ ಬರೆದು ಕ್ರೆಡಿಟ್ ಗಳಿಸಬಹುದು ಎಂಬ ದಿವ್ಯ ಮಾರ್ಗ ನನ್ನ ಕಣ್ಣಿಗೆ ಬಿದ್ದದ್ದು ಆಗ. ಒಂದೂವರೆ ಗಂಟೆ ಕೂತರೆ ಅರ್ಧ ವರ್ಷದ ಪಾಠ ಜೇಬಿಗೆ. ಈ ವಿಷಯವನ್ನು ವಿಚಾರಿಸಬೇಕಾದದ್ದು ಕಾಲೇಜಿನ ಸಲಹೆಗಾರ್ತಿಯ ಹತ್ತಿರ. ಆದರೆ ಇಷ್ಟು ವರ್ಷದ ಮೇಲೆ ಯಾವ ಮುಖ ಹೊತ್ತು ಅವರ ಮುಂದೆ ನಿಲ್ಲಲಿ ಎಂದು ಪಾರ್ಕಿನಲ್ಲಿ ಉಯ್ಯಾಲೆ ತಳ್ಳುತ್ತಿದ್ದ ತಾಯಂದಿರನ್ನು ಕೇಳಿದೆ. ಒಬ್ಬಳು ಬೀಜಗಣಿತವೇ ಬೇಕು ಎಂದಳು. ಇನ್ನೊಬ್ಬಳು ಬೀಜಗಣಿತ ಬರೆದೆಯೋ ಕೆಟ್ಟೆ, ಸಾಮಾನ್ಯ ಗಣಿತ ಸಾಕು ಎಂದಳು. ಮೂರನೆಯವಳ ತಂಗಿಯಂತೂ ಕಾಲೇಜಿನ ಒಂದು ಇಡೀ ವರ್ಷವನ್ನು ಹೀಗೇ ನುಂಗಿ ನೀರು ಕುಡಿದಿದ್ದಳಂತೆ. ಅಂಕಗಳ ಲೆಕ್ಕ ಕೇಳಿದಾಗಲಂತೂ ನನ್ನ ತಲೆ ಗಿರ್ರೆಂದಿತು. ಎಂಬತ್ತಕ್ಕೆ ಐವತ್ತು ಬಂದರೆ ಪಾಸು, ಆದರೆ ಲೆಕ್ಕ ಶುರುವಾಗುವುದು ಇಪ್ಪತ್ತರಿಂದ, ಅಂದರೆ ಬರೇ ಕೂತು ಎದ್ದು ಬಂದರೂ ಇಪ್ಪತ್ತು. (ನನ್ನ ಇಡೀ ಶಾಲಾ ಜೀವನದಲ್ಲಿ ಇಂಥ ಉದಾರ ಮನಸ್ಸಿನ ಗಣಿತವನ್ನು ನಾನು ಕಂಡಿರಲಿಲ್ಲ.)

ಗಣಿತವನ್ನು ಏಪ್ರಿಲ್‌ನಲ್ಲಿ ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆದೆ. ಬಾಗಿಲಲ್ಲೇ ಫೋನ್ ಕಸಿದುಕೊಂಡರು. ಜೂನಿಗೆ ಜ್ವರ ಬಂದಿರಬಹುದು, ಬಟನ್ ನುಂಗಿರಬಹುದು, ಮೊದಲ ಬಾರಿಗೆ ‘ಅಮ್ಮ’ ಎಂದು ಬೇರೆ ಯಾರನ್ನೋ ಕರೆದಿರಬಹುದು ಎಂದೆಲ್ಲ ಯೋಚನೆ ಹತ್ತಿ, ಕೊನೆಯ ಪುಟದ ಪ್ರಶ್ನೆಗಳನ್ನು ಓದದೆಯೇ ಒತ್ತಿ ಓಡಿಬಂದೆ. ಪಾಸಾಗಿದ್ದೆ. ಹೇಗೆ ಎಂದು ಇಂದಿಗೂ ತಿಳಿಯದು.

ಆದರೆ ಇನ್ನೊಂದು ಸಲ ಮಗುವಿನ ಸದ್ದೇ ಕೇಳಿಸದ ಜಾಗದಲ್ಲಿ ಕೂರುವುದು ನನ್ನಿಂದಾಗದು ಎಂದು ನಿಶ್ಚಯಿಸಿದೆ. ವಿಜ್ಞಾನದ ಪರೀಕ್ಷೆಯನ್ನು ಮನೆಯಲ್ಲೇ ಕೂತು ಬರೆಯಲು ಬರುತ್ತದೆ, ದೂರದಲ್ಲೊಬ್ಬ ಮೇಲ್ವಿಚಾರಕ ಕಂಪ್ಯೂಟರಿನ ಕ್ಯಾಮೆರಾದಲ್ಲಿ ನಮ್ಮನ್ನು ಕಾಯುತ್ತಾನೆ. ಅದಕ್ಕೇ, ಜೂನ್ ತಿಂಗಳಿಗೆ, ಹೆಸರು ಕೊಟ್ಟೆ.

ಓದಲು ರಟ್ಟಿನ ಚೀಟಿಗಳನ್ನು ಮಾಡಿಕೊಂಡೆ, ಮುಂದೆ ಪ್ರಶ್ನೆ, ಹಿಂದೆ ಉತ್ತರ. ಜೂನಿಯನ್ನು ತೂಗುತ್ತಾ ಅವನ್ನೇ ಗಟ್ಟಿಯಾಗಿ ಓದುತ್ತಿದ್ದೆ. ಇದರ ಪರಿಣಾಮ ವಿಚಿತ್ರವಾಯಿತು. ನನ್ನ ತಲೆಗೆ ಒಂದೂ ಹತ್ತಲಿಲ್ಲ, ಮಗುವಿಗೆ ಮಾತ್ರ ಅದು ಚಟವಾಗಿಬಿಟ್ಟಿತು. ಜೋಗುಳ ಹಾಡಿದರೆ ಕಿರುಚುತ್ತಾಳೆ, ಜ್ವಾಲಾಮುಖಿಯ ವಿಧಗಳನ್ನು ಹೇಳಿದರೆ ಆಕಳಿಸುತ್ತಾಳೆ. ಗ್ಯಾರೇಜ್ ಬಾಗಿಲು ರಿಪೇರಿ ಮಾಡಿ ದಣಿದು ಬರುವ ಟ್ರೆಂಟ್, ತಂದೆಯಾದವನು ಹಾಡಿದರೂ ಮಲಗದ ಮಗು ಘರ್ಷಣ ಬಲಕ್ಕೆ ಮಲಗುತ್ತದಲ್ಲ ಎಂದು ಬಹಳ ನೊಂದುಕೊಂಡ.

ನಮ್ಮದು ಎರಡಂತಸ್ತಿನ ಮನೆ. ಕೆಳಗೆ ನಾವು, ಮೇಲೆ ನಮ್ಮತ್ತೆ ಡೊಲೊರೆಸ್. ಶಾಲೆಯೊಂದರ ಊಟದ ಸಾಲಿನಲ್ಲಿ ಬಹುಕಾಲ ಗಲ್ಲಾಪೆಟ್ಟಿಗೆ ಮುಂದೆ ಕೂತು ನಿವೃತ್ತರಾದವರು. ಐನೂರು ಮಕ್ಕಳ ಗದ್ದಲದ ಮೇಲೆ ಮಾತಾಡಿ ರೂಢಿಯಾದ ಗಂಟಲು, ಅದಕ್ಕೆ ಪಿಸುಮಾತು ಎಂಬುದು ಗೊತ್ತಿಲ್ಲ. ಪರೀಕ್ಷೆಯ ದಿನ ಜೂನಿ ಮೇಲೆ ಅತ್ತೆಯ ಬಳಿ, ನಾನು ಕೆಳಗೆ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆಯಲ್ಲಿ ಎಂದು ತೀರ್ಮಾನವಾಯಿತು. ಪರೀಕ್ಷೆಯ ಕೋಣೆಯಲ್ಲಿ ಒಂದು ಚೂರು ಕಾಗದವೂ ಇರಕೂಡದು ಎಂಬ ನಿಯಮಕ್ಕೆ ಹೆದರಿ ಚೀಟಿಗಳನ್ನೆಲ್ಲ ಅತ್ತೆಯ ಮನೆಗೇ ಸಾಗಿಸಿದೆ.

ಯಾವ ಉಪಕರಣವೂ ಇರಕೂಡದು ಎಂದೂ ನಿಯಮವಿತ್ತು. ಅದನ್ನೂ ಓದಿದ್ದೆ. ಆದರೆ ಬೇಬಿ ಮಾನಿಟರ್ ಇದೆಯಲ್ಲ, ಮಗುವಿನ ಸದ್ದನ್ನು ಇನ್ನೊಂದು ಕೋಣೆಗೆ ತಲುಪಿಸುವ ಆ ಪುಟ್ಟ ಪೆಟ್ಟಿಗೆ, ಅದನ್ನು ನಾನು ಉಪಕರಣವೆಂದು ಎಣಿಸಿರಲೇ ಇಲ್ಲ. ಅದು ನನ್ನ ದೇಹದ ಒಂದು ಅಂಗ. ಉಸಿರಾಟ ಕೇಳಿಸಿದರೆ ಸಾಕು, ಅಷ್ಟೇ ಸಾಕು ಎಂದು ಅದರ ಜೋಡಿಯನ್ನು ಮೇಲೆ ಜೂನಿಯ ಪಕ್ಕದಲ್ಲಿಟ್ಟು, ಇದನ್ನು ಬಟ್ಟೆ ಬುಟ್ಟಿಯಲ್ಲಿ ದಪ್ಪ ಟವೆಲಿನ ಕೆಳಗೆ ಮಲಗಿಸಿ ಕೂತೆ.

ಮೇಲ್ವಿಚಾರಕನ ಮುಖ ಕಾಣುತ್ತಿರಲಿಲ್ಲ, ಧ್ವನಿ ಮಾತ್ರ. ಬಹಳ ವಿನಯವಂತ. ಕೋಣೆಯ ಮೂಲೆಮೂಲೆ ತೋರಿಸಿ ಎಂದ, ತೋರಿಸಿದೆ. ಬೇರೆ ಯಾರೂ ಇಲ್ಲ ತಾನೇ ಎಂದ, ಇಲ್ಲ ಎಂದೆ. ಕೂದಲು ಹಿಂದೆ ಕಟ್ಟಿಕೊಳ್ಳಿ, ಎರಡೂ ಕಿವಿ ಕೊನೆಯವರೆಗೂ ಕಾಣಿಸುತ್ತಿರಬೇಕು ಎಂದ, ಕಟ್ಟಿಕೊಂಡೆ. ಆಮೇಲೆ ಕೇಳಿದ.

“ಗೋಡೆ ಮೇಲೆ ನಿಮ್ಮನ್ನ ನೋಡ್ತಾ ಇರೋದು ಯಾರು ಮೇಡಂ?”

ಟ್ರೆಂಟ್ ಮೂರು ವರ್ಷದ ಹಿಂದೆ ಹೊಡೆದ ಜಿಂಕೆಯ ತಲೆ ಅದು. ನಡುಮನೆಯಲ್ಲಿ ಬೇಡವೆಂದು ನಾನು ಹಟ ಹಿಡಿದದ್ದರಿಂದ ನೆಲಮಾಳಿಗೆಗೆ ಇಳಿದಿತ್ತು. ಜಿಂಕೆ ಎಂದೆ. ಅದರ ಕಣ್ಣಲ್ಲಿ ಕ್ಯಾಮೆರಾ ಗಿಮೆರಾ ಇಲ್ಲ ತಾನೇ ಎಂದು ಕೇಳಿದ. ನನಗೆ ತಿಳಿದಂತೆ ಇಲ್ಲ ಎಂದೆ. ಆದರೂ ಮುಚ್ಚಿಬಿಡಿ ಎಂದ. ಕೈಗೆ ಸಿಕ್ಕಿದ್ದನ್ನು ಎಳೆದು ಜಿಂಕೆಗೆ ಮುಸುಕು ಹಾಕಿದೆ. ಕೈಗೆ ಸಿಕ್ಕಿದ್ದು ಬುಟ್ಟಿಯ ಮೇಲಿನ ದಪ್ಪ ಟವೆಲ್ ಎಂಬುದು ಆ ಗಡಿಬಿಡಿಯಲ್ಲಿ ತಲೆಗೆ ಹೋಗಲೇ ಇಲ್ಲ.

ಪರೀಕ್ಷೆ ಶುರುವಾಯಿತು. ಆಶ್ಚರ್ಯವೆಂದರೆ ಕೆಲವು ಪ್ರಶ್ನೆಗಳು ಗೊತ್ತಿದ್ದವು. ಕಪ್ಪೆಯ ಹೃದಯ, ಉಪ್ಪಿನ ಹರಳು, ಚಂದ್ರನ ಕಲೆಗಳು. ನಾನು ಬುದ್ಧಿವಂತೆ ಇರಬಹುದೇನೋ ಎಂಬ ಅನುಮಾನ ಹುಟ್ಟತೊಡಗಿತ್ತು. ಆಗ ಬುಟ್ಟಿಯಿಂದ ಸಣ್ಣ ಕುಂಯ್ ಸದ್ದು ಬಂತು. ಸದ್ದು ಅಳುವಾಯಿತು, ಅಳು ರಂಪವಾಯಿತು. ಡೊಲೊರೆಸ್ ಯಾವುದೋ ಕುಣಿತದ ಹಾಡು ಎತ್ತಿಕೊಂಡರು, ರಂಪ ಪ್ರಳಯವಾಯಿತು. ಆಮೇಲೆ ರಟ್ಟು ಮಗುಚುವ ಸದ್ದು. ಮೇಲೆ, ನನ್ನ ಅತ್ತೆ, ನನ್ನ ಚೀಟಿಗಳನ್ನು, ನನ್ನ ಮಗಳಿಗೆ ಓದತೊಡಗಿದ್ದರು.

ಇಲ್ಲಿ ಒಂದು ಮಾತು. ನಾನು ಮೋಸಗಾರ್ತಿಯಲ್ಲ. ಉತ್ತರ ಕಿವಿಗೆ ಬಿದ್ದರೆ ಪಾಪ ಎಂದು ತಕ್ಷಣ ಎರಡೂ ಕೈಗಳಿಂದ ಎರಡೂ ಕಿವಿಗಳನ್ನು ಬಲವಾಗಿ ಮುಚ್ಚಿಕೊಂಡೆ. ನನ್ನ ಜೀವನದಲ್ಲೇ ಅಷ್ಟು ಪ್ರಾಮಾಣಿಕವಾದ ಕೆಲಸವನ್ನು ನಾನು ಮಾಡಿಲ್ಲ.

“ಮೇಡಂ, ಕಿವಿಯಿಂದ ಕೈ ತೆಗೀರಿ.”

“ಕೇಳಿಸ್ಬಾರ್ದು ಅಂತ ಮುಚ್ಕೊಂಡಿದೀನಿ.”

“ಏನು ಕೇಳಿಸ್ಬಾರ್ದು?”

ನಾನು ಕೈ ಇಳಿಸಿದೆ. ಆಗ ಬುಟ್ಟಿಯು ಸ್ಪಷ್ಟವಾಗಿ, ಐನೂರು ಮಕ್ಕಳಿಗೆ ಕೇಳಿಸುವ ಹಾಗೆ ಮಾತಾಡಿತು: “ನಕ್ಷತ್ರದ ಬೆಳಕು ಕೆಂಪಗೆ ತಿರುಗಿದ್ರೆ ಅದು ನಮ್ಮಿಂದ ದೂರ ಹೋಗ್ತಿದೆ ಅಂತ ಅರ್ಥ. ನಿಮ್ಮಮ್ಮ ಇದನ್ನ ಎಷ್ಟು ಸಲ ಓದಿದ್ರೂ ಹತ್ರ ಬರ್ತಿದೆ ಅಂತಾನೇ ಹೇಳ್ತಾಳೆ. ನೀನಾದ್ರೂ ಸರಿಯಾಗಿ ಕಲ್ತ್ಕೋ, ಕಂದ.”

“ಇದು ಯಾರು ಮೇಡಂ?”

“ನಮ್ಮತ್ತೆ.”

“ಕೋಣೇಲಿ ಬೇರೆ ಯಾರೂ ಇಲ್ಲ ಅಂದ್ರಿ.”

“ಅವರಿಲ್ಲ. ಅವರ ಧ್ವನಿ ಮಾತ್ರ ಬಟ್ಟೆ ಬುಟ್ಟೀಲಿದೆ.”

ಪರೀಕ್ಷೆ ರದ್ದಾಯಿತು. ನಿಮ್ಮ ದಿನ ಶುಭವಾಗಿರಲಿ ಎಂದು ಅದೇ ವಿನಯದಿಂದ ಹಾರೈಸಿ ಅವನು ಮಾಯವಾದ. ನಾನೂ ಮುಸುಕು ಹಾಕಿದ ಜಿಂಕೆಯೂ ಉಳಿದೆವು.

ಮೆಟ್ಟಿಲು ಹತ್ತಿ ಮೇಲೆ ಹೋದರೆ ಜೂನಿ ಗಾಢ ನಿದ್ರೆಯಲ್ಲಿದ್ದಳು. ಅತ್ತೆ ತುಟಿಯ ಮೇಲೆ ಬೆರಳಿಟ್ಟರು. ಹಾಗಾಗಿ ನಮ್ಮ ಸಂಸಾರದ ಅತಿ ದೊಡ್ಡ ಜಗಳ ಗುಸುಗುಸು ದನಿಯಲ್ಲಿ, ಅತ್ತೆಯ ಗಂಟಲಿಗೆ ಸಾಧ್ಯವಾದಷ್ಟು ಗುಸುಗುಸು ದನಿಯಲ್ಲಿ, ನಡೆಯಿತು.

“ಇಷ್ಟು ಬೇಗ ಮುಗೀತಾ? ಸುಲಭ ಇರುತ್ತೆ ಅಂತ ನಾನು ಹೇಳಿರ್ಲಿಲ್ವಾ ನಿಂಗೆ?”

“ಡೊಲೊರೆಸ್, ಬುಟ್ಟೀಲಿ ಬಚ್ಚಿಟ್ಟಿದ್ದ ಮಾನಿಟರ್‌ನಲ್ಲಿ ನಿಮ್ಮ ದನಿ ಕೇಳಿಸಿ ಪರೀಕ್ಷೇನೇ ರದ್ದಾಯ್ತು. ನೀವ್ಯಾಕೆ ಆ ಚೀಟಿ ಓದೋಕೆ ಹೋದ್ರಿ?”

“ಮಗು ಅಳ್ತಿತ್ತು.”

“ಅಳ್ಲಿ ಅಂತ ಬಿಡ್ಬೇಕಿತ್ತು.”

“ಓಹೋ. ಅಳ್ಲಿ ಅಂತ ಬಿಡೋಳು ಆ ಪೆಟ್ಟಿಗೆ ಬಚ್ಚಿಟ್ಕೊಂಡು ಪರೀಕ್ಷೆಗೆ ಕೂರ್ತಾಳಾ?”

ಆ ಕ್ಷಣದಿಂದ ಅವರ ಜೊತೆ ಮಾತು ಬಿಟ್ಟೆ. ಅವರು ಆಲೂಗಡ್ಡೆ ಬೇಯಿಸಿ ತುಂಬಿಕೊಟ್ಟಿದ್ದ ಗಾಜಿನ ಪಾತ್ರೆಯನ್ನು ತೊಳೆದು, ಒರೆಸಿ, ಬರಿದಾಗಿ ಅವರ ಬಾಗಿಲಲ್ಲಿಟ್ಟು ಬಂದೆ. ನಮ್ಮ ಬೀದಿಯಲ್ಲಿ ಇದಕ್ಕಿಂತ ಕೆಟ್ಟ ಬೈಗುಳವಿಲ್ಲ. ಟ್ರೆಂಟ್ ಮೇಲೆ ಹೋಗಿ ತಾಯಿಯ ದೂರು ಕೇಳಿದ, ಕೆಳಗೆ ಬಂದು ನನ್ನ ದೂರು ಕೇಳಿದ, ಕೊನೆಗೆ ಈ ಮನೆಯಲ್ಲಿ ಎಣ್ಣೆ ಹಾಕಿದರೆ ಸರಿಹೋಗುವಂಥದ್ದು ಒಂದೂ ಇಲ್ಲ ಎಂದು ಹೇಳಿ ಗ್ಯಾರೇಜಿಗೆ ಹೋದ.

ರದ್ದಾದ ಪರೀಕ್ಷೆಯನ್ನು ಮತ್ತೆ ಬರೆಯಲು ಮೂರು ತಿಂಗಳು ಕಾಯಬೇಕಿತ್ತು. ಅಷ್ಟರಲ್ಲಿ ಆಗಸ್ಟ್ ಬಂದುಹೋಗಿರುತ್ತದೆ, ನನ್ನ ನಾಲ್ಕು ವರ್ಷದ ಮಕ್ಕಳು ಬ್ರಿಯೆಲ್‌ಳನ್ನು ದೇವರೆಂದು ತಿಳಿಯತೊಡಗಿರುತ್ತಾರೆ. ಬೇರೆ ದಾರಿ ಕಾಣದೆ, ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಕೊನೆಗೆ ಮಾಡಿದೆ. ಕಾಲೇಜಿಗೆ ಹೋಗಿ ಸಲಹೆಗಾರ್ತಿ ಮಿಸ್ ಪ್ರುಯಿಟ್ ಮುಂದೆ ಕೂತು, ಜಿಂಕೆಯಿಂದ ಹಿಡಿದು ಬುಟ್ಟಿಯವರೆಗೆ ಎಲ್ಲ ಹೇಳಿ ಅತ್ತೆ. (ಈ ಕೊನೆಯದು ಕ್ರಿಯಾಪದ. ಆ ದಿನಗಳಲ್ಲಿ ನಾನು ಆ ಪದವನ್ನು ಬೇರಾವ ಅರ್ಥದಲ್ಲೂ ಬಳಸುತ್ತಿರಲಿಲ್ಲ.)

ಮಿಸ್ ಪ್ರುಯಿಟ್ ಕಾಗದದ ಕರವಸ್ತ್ರದ ಡಬ್ಬಿಯನ್ನು ನನ್ನ ಕಡೆ ತಳ್ಳಿ ಕೇಳಿದರು.

“ಪೂರ್ತಿ ರದ್ದಾಯ್ತಾ? ಅಂಕ ಏನೂ ಬಂದಿಲ್ವಾ?”

“ಇಲ್ಲ.”

“ಸದ್ಯ, ಬಚಾವಾದ್ರಿ.”

ಆಮೇಲೆ ಅವರು ವಿವರಿಸಿದ್ದನ್ನು ನಾನು ಮೂರು ಸಲ ಹೇಳಿಸಿದೆ. ನಮ್ಮ ಡಿಗ್ರಿಗೆ ಬೇಕಾದ ವಿಜ್ಞಾನ ಎಂದರೆ ಪ್ರಯೋಗಾಲಯವೂ ಸೇರಿದ ವಿಜ್ಞಾನ. ಪರೀಕ್ಷೆ ಬರೆದರೆ ಪಾಠದ ಕ್ರೆಡಿಟ್ ಸಿಗುತ್ತದೆ, ಪ್ರಯೋಗಾಲಯದ್ದು ಸಿಗುವುದಿಲ್ಲ. ಪ್ರಯೋಗಾಲಯವಿರುವ ಬೇಸಿಗೆ ಕ್ಲಾಸು ಒಂದೇ ಒಂದಿದೆ, ಸೋಮವಾರ ಶುರು, ಜುಲೈ ಕೊನೆಗೆ ಮುಗಿಯುತ್ತದೆ. ಆದರೆ ಅದೇ ಪಾಠಕ್ಕೆ ಪರೀಕ್ಷೆಯಿಂದ ಆಗಲೇ ಕ್ರೆಡಿಟ್ ಪಡೆದವರನ್ನು ಆ ಕ್ಲಾಸಿಗೆ ಸೇರಿಸಿಕೊಳ್ಳುವುದಿಲ್ಲ, ಒಂದೇ ಪಾಠಕ್ಕೆ ಎರಡು ಸಲ ಕ್ರೆಡಿಟ್ ಕೊಡಲು ಬರುವುದಿಲ್ಲವಲ್ಲ.

“ಅಂದ್ರೆ,” ಎಂದೆ ನಾನು, “ಪಾಸಾಗಿದ್ರೆ ಫೇಲು. ಪಾಸಾಗ್ಲಿಲ್ಲ ಅಂತ ಈಗ ಪಾಸಾಗ್ಬಹುದು.”

“ಸರಿಯಾಗಿ ಹೇಳಿದ್ರಿ,” ಎಂದರು ಮಿಸ್ ಪ್ರುಯಿಟ್, ಇದರಲ್ಲಿ ಗೊಂದಲಪಡುವಂಥದ್ದು ಏನಿದೆ ಎಂಬಂತೆ.

ಮನೆಗೆ ಬರುವ ದಾರಿಯುದ್ದಕ್ಕೂ ನನ್ನನ್ನು ಕೊರೆದದ್ದು ಬೇರೆಯೇ. ಐದು ವಾರ ದಿನವೂ ಕ್ಲಾಸು, ನನ್ನ ಜೊತೆ ಜೂನಿಯೂ ಬರುವ ಶಿಶುವಿಹಾರಕ್ಕೆ ಬೇಸಿಗೆ ರಜೆ. ಜೂನಿಯನ್ನು ನೋಡಿಕೊಳ್ಳುವವರು ಯಾರು? ನನಗೆ ಗೊತ್ತಿರುವ ಉತ್ತರ ಒಂದೇ, ಅದು ಮೇಲಿನ ಅಂತಸ್ತಿನಲ್ಲಿತ್ತು. ಮೆಟ್ಟಿಲು ಹತ್ತಿದೆ. ಡೊಲೊರೆಸ್ ಬಟಾಣಿ ಸುಲಿಯುತ್ತಾ ಕೂತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ಕೈ ನಿಲ್ಲಿಸದೆ ಕೇಳಿದರು.

“ಅಂದ್ರೆ ಅವತ್ತು ನಾನು ಬಾಯಿ ಮುಚ್ಕೊಂಡಿದ್ದಿದ್ರೆ?”

“ಪಾಸಾಗ್ಬಿಡ್ತಿದ್ನೇನೋ. ಡಿಗ್ರಿ ಹೋಗಿರೋದು.”

“ನೀನು ಆ ಪೆಟ್ಟಿಗೆ ಬಚ್ಚಿಡದೆ ಇದ್ದಿದ್ರೆ?”

“ಆಗ್ಲೂ ಹೋಗಿರೋದು.”

“ಹಂಗಾದ್ರೆ ಅರ್ಧ ನಿನ್ನ ಹೆದರಿಕೆ, ಅರ್ಧ ನನ್ನ ಗಂಟಲು,” ಎಂದು ಬಟಾಣಿಯ ಬಟ್ಟಲನ್ನು ನನ್ನ ಮುಂದೆ ಸರಿಸಿದರು. “ಸುಲಿ. ಸೋಮವಾರ ಎಷ್ಟು ಹೊತ್ತಿಗೆ ತಂದ್ಬಿಡ್ತೀಯ ಅವಳನ್ನ?”

ಹದಿನೆಂಟರ ಹುಡುಗ ಹುಡುಗಿಯರ ನಡುವೆ ಪ್ರಯೋಗಾಲಯದ ರಕ್ಷಣಾ ಕನ್ನಡಕ ಕಟ್ಟಿಕೊಂಡು ಈರುಳ್ಳಿಯ ಪೊರೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಹಿಡಿದೆ, ಉಪ್ಪು ನೀರು ಕುದಿಸಿದೆ, ಒಂದು ಗಾಜಿನ ಕೊಳವೆ ಒಡೆದೆ. ಜೂನಿಗೆ ಏನೂ ಆಗಲಿಲ್ಲ, ನನಗೆ ಅದೇ ಆಶ್ಚರ್ಯ. ಜುಲೈ ಕೊನೆಗೆ ಕ್ರೆಡಿಟ್ ಬಂತು. ಮಿಸೆಸ್ ಹಾಲ್ವರ್ಸನ್ ನಾಲ್ಕು ವರ್ಷದವರ ಕೋಣೆಯ ಕೀಲಿಯನ್ನು ನನ್ನ ಕೈಗಿಟ್ಟರು.

ಆ ಶುಕ್ರವಾರ ಎಂದಿನಂತೆ ಎಲ್ಲರೂ ಚರ್ಚಿನ ಸಭಾಂಗಣದ ಮೀನೂಟಕ್ಕೆ ಹೋದೆವು. ಡೊಲೊರೆಸ್ ಜೊತೆ ಬೌಲಿಂಗ್ ಆಡುವ ಹೆಂಗಸರೆಲ್ಲ ಉದ್ದನೆಯ ಮೇಜಿನ ಸುತ್ತ ಕೂತಿದ್ದರು. ನನ್ನನ್ನು ಅಭಿನಂದಿಸಲು ಒಬ್ಬೊಬ್ಬರಾಗಿ ಏಳುತ್ತಾರೆಂದು ನಾನು ಸೆರಗಿಲ್ಲದಿದ್ದರೂ ಸೆರಗು ಸರಿಮಾಡಿಕೊಳ್ಳುವವಳಂತೆ ಸಿದ್ಧಳಾದೆ. ಅವರು ಎದ್ದರು. ಎದ್ದು, ನನ್ನನ್ನು ದಾಟಿ ಹೋಗಿ, ಡೊಲೊರೆಸ್‌ರ ಕೈ ಕುಲುಕಿದರು.

“ಏನು ಮಾಡೋದು,” ಎನ್ನುತ್ತಿದ್ದರು ನಮ್ಮತ್ತೆ, ಐನೂರು ಜನಕ್ಕೆ ಕೇಳಿಸುವ ಹಾಗೆ, “ಅವಳ ಕೈಲಿ ಆಗ್ತಿರ್ಲಿಲ್ಲ. ಸರಿಯಾದ ಹೊತ್ತಿಗೆ ನಾನು ಬಾಯಿ ಹಾಕಿದ್ದಕ್ಕೆ ಡಿಗ್ರಿ ಬಂತು.”

ಟ್ರೆಂಟ್ ನನ್ನ ಮುಖ ನೋಡಿದ. ನನ್ನ ಬಾಯಿತುಂಬ ಕರಿದ ಮೀನಿತ್ತು. ಅದನ್ನು ನುಂಗುವಷ್ಟರಲ್ಲಿ ಅತ್ತೆಯ ಮಾತನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಕೂಡಿ ಕಳೆದು ನೋಡಿದೆ. ಎಲ್ಲಿಯೂ ತಪ್ಪು ಸಿಗಲಿಲ್ಲ. ಸಿಗದ ಮೇಲೆ ಇನ್ನೇನು ಮಾಡಲಿ, ನಾನೂ ಎದ್ದು ಹೋಗಿ ಸಾಲಿನ ಕೊನೆಯಲ್ಲಿ ನಿಂತುಕೊಂಡೆ, ಅವರ ಕೈ ಕುಲುಕಲು.