ನನ್ನ ಸಹಿಯನ್ನು ನನಗಿಂತ ಚೆನ್ನಾಗಿ ಹಾಕುವ ಮಹನೀಯರಿಗೆ

ಹೊಸನಗರ,
೧೧ ಜೂನ್ ೧೯೬೪

ಕಳೆದ ತಿಂಗಳು ಒಂದು ಮಧ್ಯಾಹ್ನದ ಮಟ್ಟಿಗೆ ಹೊಲಿಗೆ ಅಂಗಡಿ ಸೀತಾರಾಮಪ್ಪನಾಗಿ ಬಾಳಿದ ಮಾನ್ಯರೇ,

ಅದೇ ಹೆಸರಿನಲ್ಲಿ ನಲವತ್ತೇಳು ವರ್ಷಗಳಿಂದ ಹೇಗೋ ದಿನ ದೂಡುತ್ತಿರುವ ನಾನು ತಮಗೆ ಸಾಷ್ಟಾಂಗ ವಂದಿಸುತ್ತೇನೆ. ತಾವೂ, ತಮ್ಮ ಮನೆಯವರೂ, ನನ್ನ ನೂರ ಎಂಬತ್ತೈದು ರೂಪಾಯಿಯೂ ಕ್ಷೇಮವೆಂದು ನಂಬಿದ್ದೇನೆ. ತಮ್ಮ ನಿಜನಾಮ ತಿಳಿಯದ ಕಾರಣ ಈ ಪತ್ರವನ್ನು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಅಂಟಿಸಿದ್ದೇನೆ. ಸಾಗರದ ಬಸ್ಸಿಗೋ ತೀರ್ಥಹಳ್ಳಿಯ ಬಸ್ಸಿಗೋ ಕಾಯುವಾಗ ದಯವಿಟ್ಟು ಓದಿಕೊಳ್ಳಬೇಕು.

ತಪ್ಪು ನನ್ನದೇ. ನನ್ನ ಸಹಿ ದಿನಕ್ಕೊಂದು ತರ ಬೀಳುತ್ತದೆಂದು ಉಳಿತಾಯ ಸಂಘದವರು ಹಿಂದೊಮ್ಮೆ ಆಕ್ಷೇಪಿಸಿದ್ದರಿಂದ, ಹಾಲಿನ ಲೆಕ್ಕ, ನೆಂಟರ ವಿಳಾಸಗಳನ್ನೆಲ್ಲ ಇದ್ದಿಲಿನಲ್ಲಿ ಬರೆದಿಡುವ ಜಗಲಿಯ ಗೋಡೆಯ ಮೇಲೆಯೇ ನನ್ನ ಪಾಸ್‌ಬುಕ್ಕಿನ ನಂಬರನ್ನೂ, ಅದರ ಕೆಳಗೆ ನೋಡಿಕೊಂಡು ಅಭ್ಯಾಸ ಮಾಡಲು ಒಂದು ಸೊಗಸಾದ ಮಾದರಿ ಸಹಿಯನ್ನೂ ಬರೆದಿದ್ದೆ. ಪಾಸ್‌ಬುಕ್ಕಿನ ಚೀಲ ಪಕ್ಕದ ಮೊಳೆಯಲ್ಲೇ ಇತ್ತು. ಎಲೆ ಅಡಿಕೆ ಹಾಕಿಕೊಳ್ಳುತ್ತ ತಾವು ಕಲಿತದ್ದು ಅಲ್ಲಿಯೇ ಇರಬೇಕು. ಕೆಲಸ ಮುಗಿದ ಮೇಲೆ ಪಾಸ್‌ಬುಕ್ಕನ್ನು ತಂದು ಅದೇ ಮೊಳೆಗೆ ನೇತುಹಾಕಿದ ತಮ್ಮ ಶಿಸ್ತು ನನ್ನ ಮನೆಯಲ್ಲಿ ಒಬ್ಬರಿಗೂ ಇಲ್ಲ ಸ್ವಾಮೀ!

ಸುದ್ದಿ ತಿಳಿದ ನನ್ನ ಹೆಂಡತಿ ಕೆರಿಯಮ್ಮ, "ಮನೆ ಗುಟ್ಟು ಗೋಡೆ ಮೇಲೆ ಬರ್ದಿಟ್ರೆ ಊರಿಗೆ ಡಂಗುರ ಹೊಡ್ದಂಗಲ್ದಾ ಮಾರಾಯ್ರೇ?" ಎಂದು ಅಂದೇ ಇಡೀ ಗೋಡೆಗೆ ಸುಣ್ಣ ಬಳಿದಳು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು. ಮಾದರಿಯೂ ಹೋಯಿತು.

ಮೊನ್ನೆ, ತಾವು ಉಳಿಸಿದ್ದರಲ್ಲಿ ಅರವತ್ತು ರೂಪಾಯಿ ತೆಗೆಯಲು ಸಂಘಕ್ಕೆ ಹೋದೆ. ನನ್ನ ಮೂಲ ಸಹಿಯ ಹಾಳೆಯನ್ನು ಗೆದ್ದಲು ತಿಂದಿತ್ತು. ಆದ್ದರಿಂದ ಎರಡು ತಿಂಗಳ ಹಿಂದಷ್ಟೇ ಬಂದ ಗುಮಾಸ್ತ ಗಣೇಶಮೂರ್ತಿಯವರು ನನ್ನ ಸಹಿಯನ್ನು ಹಣ ತೆಗೆದ ಕೊನೆಯ ಚೀಟಿಯ ಸಹಿಗೆ, ಅಂದರೆ ತಾವು ಹಾಕಿದ್ದಕ್ಕೆ, ಹೋಲಿಸಿ, "ಸೀತಾರಾಮಪ್ಪನವರ ಸಹಿ ಮುತ್ತು ಪೋಣಿಸ್ದಂಗಿರ್ತದೆ ಕಣ್ರೀ, ಇದಲ್ಲ" ಎಂದರು. ನೆರೆಮನೆಯ ಹೂವಯ್ಯನನ್ನು ಕರೆದೊಯ್ದು ಸಾಕ್ಷಿ ಹೇಳಿಸಿದೆ. "ಮನುಷ್ಯ ನೀವೇ ಇರಬಹುದು, ಸಹಿ ನಿಮ್ದಲ್ಲ" ಎಂದರು ಗುಮಾಸ್ತರು. ತಮ್ಮ ಸಹಿ ಸರಿಯಾಗಿರುವುದರಿಂದ ಕಳವೇ ಆಗಿಲ್ಲವಂತೆ. ನನ್ನ ವಿಚಾರಣೆ ಮಾತ್ರ ಮುಂದಿನ ತಿಂಗಳಂತೆ.

ಮಾನ್ಯರೇ, ಆ ಅರವತ್ತು ರೂಪಾಯಿ ನನ್ನ ಮಗಳು ಜಲಜೆಯದು. ಸೋಮವಾರದೊಳಗೆ ಶಿವಮೊಗ್ಗದಲ್ಲಿ ಕಟ್ಟಿದರೆ ಶಿಕ್ಷಕಿಯರ ತರಬೇತಿಗೆ ಸೀಟು, ಇಲ್ಲದಿದ್ದರೆ ಇಲ್ಲ. ಸೀರೆಗಳನ್ನು ಮಡಚಿ ಟ್ರಂಕಿಗೆ ಹಾಕಿಟ್ಟಿದ್ದವಳು ನಿನ್ನೆ, "ಮುಂದಿನ್ ವರ್ಷ ಹೋಗ್ತೀನಿ ಬಿಡಿ ಅಪ್ಪಯ್ಯ" ಎಂದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಆದಕಾರಣ ತಮ್ಮಲ್ಲಿ ವಿನಂತಿ: ಶನಿವಾರ ಬೆಳಿಗ್ಗೆ ಹತ್ತಕ್ಕೆ ಸಂಘಕ್ಕೆ ದಯಮಾಡಿಸಿ, ನನ್ನ ಹೆಸರಿನಲ್ಲಿ ಇನ್ನೊಂದೇ ಒಂದು ಸಹಿ ಹಾಕಿಕೊಡಬೇಕು. ಬಿಸಿ ಕಡುಬು, ಕಾಫಿ ನನ್ನ ಲೆಕ್ಕದಲ್ಲಿ. ಅಲ್ಲಿಗೆ ಬರಲು ಸಂಕೋಚವಾದರೆ ಅಷ್ಟರೊಳಗೆ ದಿನಕ್ಕೊಂದು ಗಂಟೆ ನನ್ನ ಸಹಿಯನ್ನು ನನಗೆ ಹೇಳಿಕೊಡಬಹುದು, ಗುರುದಕ್ಷಿಣೆಯನ್ನು ತಾವು ಮೊದಲೇ ಪಡೆದಿದ್ದೀರಿ. ಸೀತಾರಾಮಪ್ಪನಾಗಿಯೇ ಮುಂದುವರಿಯುವ ಮನಸ್ಸಿದ್ದರೆ ನನ್ನ ಸೊಂಟನೋವನ್ನೂ, ಹೊಲಿಯದೆ ಉಳಿದಿರುವ ಹದಿನಾಲ್ಕು ರವಿಕೆಗಳನ್ನೂ, ದಿನಕ್ಕೆರಡು ಹೊತ್ತು ಕೆರಿಯಮ್ಮನ ಬೈಗುಳವನ್ನೂ ಸ್ವೀಕರಿಸಿ ಉಪಕರಿಸಬೇಕು.

ಇಂತಿ ತಮ್ಮ ವಿಶ್ವಾಸಿ,

(                    )

ತಾ.ಕ.: ನಾನು ಸಹಿ ಹಾಕಿದರೆ ಈ ಪತ್ರವೂ ನನ್ನದಲ್ಲವೆಂದಾರೆಂದು ಜಾಗವನ್ನು ತಮಗೇ ಬಿಟ್ಟಿದ್ದೇನೆ. ಜೊತೆಗೆ ಹಣ ತೆಗೆಯುವ ಚೀಟಿಯನ್ನೂ ಸಿಕ್ಕಿಸಿದ್ದೇನೆ. ಅದರಲ್ಲಿ 'ಅರವತ್ತು' ಎಂದು ಜಲಜೆಯೇ ತನ್ನ ಕೈಯಾರೆ ಬರೆದಿದ್ದಾಳೆ. ಅದನ್ನು ತಿದ್ದಿ ಹೆಚ್ಚಿಗೆ ಮಾಡಲು ಹೋಗಬೇಡಿ. ಮೇಷ್ಟರಾಗಬೇಕಾದ ಹುಡುಗಿ, ತಪ್ಪು ಹಿಡಿದುಬಿಟ್ಟಾಳು.