ಯಾರಿಗೆ ಯಾವ ವಾರ?

"ಇವತ್ತು ಯಾವ ವಾರ?" ಎಂದು ನಮ್ಮ ಮಾವನನ್ನು ಕೇಳಿ ನೆಟ್ಟಗೆ ಉತ್ತರ ಪಡೆದವರು ಇಡೀ ಮಂಡ್ಯದಲ್ಲಿ ಒಬ್ಬರೂ ಇರಲಿಲ್ಲ. ಅವರು ಕಿವುಡರಲ್ಲ, ಮರೆಗುಳಿಯೂ ಅಲ್ಲ. ಕನ್ನಡಕದ ಮೇಲಿನಿಂದ ನಿಮ್ಮನ್ನು ನೋಡಿ, ತೀರ ಗಂಭೀರವಾಗಿ, "ಯಾರಿಗೆ?" ಎಂದು ಕೇಳುತ್ತಿದ್ದರು!

ಯಾರಿಗೆ ಎಂದರೇನು? ವಾರ ಎಲ್ಲರಿಗೂ ಒಂದೇ ಅಲ್ಲವೇ? ಅಲ್ಲವಂತೆ. "ನಮ್ಮನೆ ನಲ್ಲಿಗೆ ಇವತ್ತು ರಜ. ರೇಷನ್ ಅಂಗಡಿಗೆ ಕೆಲಸದ ದಿನ, ಆದ್ರೆ ಅಲ್ಲಿರೋ ಸೀಮೆಎಣ್ಣೆಗೆ ರಜ. ನಿಂಗೆ ಯಾರ್ದು ಬೇಕೋ ಕೇಳು, ಹೇಳ್ತೀನಿ" ಎನ್ನುತ್ತಿದ್ದರು. ಇಷ್ಟಾದ ಮೇಲೆ ಮಂಗಳವಾರವೋ ಬುಧವಾರವೋ ಎಂಬ ಸಣ್ಣ ಸಂಗತಿ ಯಾರಿಗೆ ಬೇಕು? ಕೇಳಿದವರು ಎದ್ದು ಹೋಗುತ್ತಿದ್ದರು.

ಇದು ಎಪ್ಪತ್ತರ ದಶಕದ ಮಾತು. ನಾನು ಮೈಸೂರಿನಲ್ಲಿ ಎಂ.ಎ. ಮುಗಿಸಿ, ಮಂಡ್ಯದ ಕಾಲೇಜೊಂದರಲ್ಲಿ ತಾತ್ಕಾಲಿಕ ಅಧ್ಯಾಪಕಿಯಾಗಿ ಸೇರಿ, ಅಮ್ಮನ ತಮ್ಮನಾದ ಈ ಮಾವನ ಮನೆಯಲ್ಲಿದ್ದೆ. ಆಗಿನ ನನ್ನ ದಿನಚರಿ ಈಗಲೂ ಇದೆ. ಆದರೆ ಅದನ್ನು ನಂಬಿ ನೀವು ಕೆಡಬೇಡಿ. ಅದರಲ್ಲಿ ಮಳೆ ಎಂದು ಬರೆದಿರುವ ದಿನಗಳಲ್ಲೆಲ್ಲ ನನ್ನ ನೆನಪಿನಲ್ಲಿ ಬಿಸಿಲಿದೆ. ಯಾವುದು ಸರಿಯೋ! ಮಾವನ ಮಾತುಗಳಿಗೂ ನಾನು ಅಷ್ಟಿಷ್ಟು ಉಪ್ಪುಕಾರ ಹಾಕಿರಬಹುದು. ಅತ್ತೆಯ ಮಾತುಗಳಿಗೆ ಮಾತ್ರ ಹಾಕಿಲ್ಲ. ಅವು ಮೊದಲೇ ಕಾರವಾಗಿದ್ದವು.

ಮಾವ ಎಂಜಿನಿಯರ್ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಆ ಸಲ ಕಿರುಗಾವಲಿನ ಕಡೆ ನಾಲೆಗೆ ಅಡ್ಡಲಾಗಿ ಒಂದು ಸೇತುವೆ ಕಟ್ಟಬೇಕಾಗಿತ್ತು. ನಾಲೆಗೆ ನೀರು ಬಿಡುವುದರೊಳಗೆ ಕೆಲಸ ಮುಗಿಯಬೇಕು. ನೀರು ಯಾರಿಗೂ ಕಾಯುವುದಿಲ್ಲ. ಹೊಸದಾಗಿ ಬಂದಿದ್ದ ಎಂಜಿನಿಯರು ಯಾವುದೋ ತರಬೇತಿ ಮುಗಿಸಿಕೊಂಡು, ಗೋಡೆಯಗಲದ ಕಾಗದದ ಮೇಲೆ ಸೊನ್ನೆ ಸುತ್ತಿ, ಸೊನ್ನೆಯಿಂದ ಸೊನ್ನೆಗೆ ಬಾಣ ಎಳೆದು, ಯಾವ ಕೆಲಸ ಆದಮೇಲೆ ಯಾವುದು ಎಂದು ತೋರಿಸುವ ವಿದ್ಯೆ ತಂದಿದ್ದರು. ಮಾವ ಆ ಚಿತ್ರವನ್ನು ಬಹಳ ಹೊತ್ತು ನೋಡಿದರಂತೆ. "ಬಾಣ ಚೆನ್ನಾಗಿ ಬಂದಿದೆ ಸಾರ್. ಇದು ರಜಾದಿನದ ಮೇಲೂ ಹಾರಿಕೊಂಡು ಹೋಗ್ತಾ ಇದೆಯಲ್ಲ, ಅದಕ್ಕೇನು ಮಾಡೋದು?" ಎಂದರಂತೆ. ಎಂಜಿನಿಯರು ನಕ್ಕು, "ಹಾಗಾದ್ರೆ ಯಾರಿಗೆ ಯಾವತ್ತು ರಜ ಅಂತ ನೀವೇ ಬರೆದುಕೊಡಿ" ಎಂದುಬಿಟ್ಟರು. ಪಾಪ, ಅವರಿಗೇನು ಗೊತ್ತು ಯಾರ ಕೈಗೆ ಏನು ಕೊಟ್ಟೆನೆಂದು!

ಅಂದಿನಿಂದ ನಮ್ಮ ಮನೆ ಕ್ಯಾಲೆಂಡರಿನ ಕಾರ್ಖಾನೆಯಾಯಿತು. ನಕ್ಷೆ ತೆಗೆಯಲು ಬಳಸುವ ಟ್ರೇಸಿಂಗ್ ಬಟ್ಟೆ ಎಂದು ಒಂದಿತ್ತು. ಗಂಜಿ ಹಾಕಿದ ತೆಳು ಬಟ್ಟೆ, ಹಿಡಿದರೆ ಆಚೆ ಬದಿ ಕಾಣುತ್ತದೆ. ಕಚೇರಿಯಲ್ಲಿ ಹಳೆಯದನ್ನು ಒಗೆದು ಮೆತ್ತಗೆ ಮಾಡಿ ಕರ್ಚೀಫು ಹೊಲಿಸಿಕೊಳ್ಳುವವರಿದ್ದರು. ಅಂಥವರ ಜೊತೆ ಮಾವ ಕಾಫಿ ಕೂಡ ಕುಡಿಯುತ್ತಿರಲಿಲ್ಲ! ಆ ಬಟ್ಟೆಯ ಮೇಲೆ ದಿನಕ್ಕೊಂದು ಚೌಕ ಬರೆದು, ರಜೆಯ ಚೌಕಕ್ಕೆಲ್ಲ ಕಪ್ಪು ಮಸಿ ತುಂಬುವುದು. ಕಚೇರಿಗೆ ಒಂದು ಹಾಳೆ, ಗಾರೆ ಕೆಲಸದವರಿಗೆ ಒಂದು, ಅವರು ಅಮಾವಾಸ್ಯೆ ದಿನ ಕರಣೆ ಮುಟ್ಟುವುದಿಲ್ಲ. ಸಿಮೆಂಟಿಗೆ ಒಂದು, ನಾಲೆಗೆ ಒಂದು. ಎಲ್ಲವನ್ನೂ ಒಂದರ ಮೇಲೊಂದಿಟ್ಟು ಕಿಟಕಿಗೆ ಒತ್ತಿ ಹಿಡಿದರೆ, ಯಾವ ಚೌಕದಲ್ಲಿ ಬೆಳಕು ತೂರಿ ಬರುತ್ತದೋ ಆ ದಿನ ಎಲ್ಲರೂ ಕೆಲಸಕ್ಕೆ ಸಿಗುತ್ತಾರೆ ಎಂದು ಅರ್ಥ.

ನನಗೂ ಒಂದು ಹಾಳೆ ಮಾಡಲು ಹೊರಟರು.

"ಕಾಲೇಜಿನ ಹೊತ್ತು ಸರಿ. ಮಿಕ್ಕಿದ್ದೆಲ್ಲ ಕಿಟಕಿ ಪಕ್ಕ ಕೂತು ಏನೋ ಓದ್ತಿರ್ತೀಯಲ್ಲ, ಅದು ಕೆಲಸಾನೋ ರಜಾನೋ?"

"ಗೊತ್ತಿಲ್ಲ ಮಾವ."

"ಗೊತ್ತಿಲ್ಲ ಅನ್ನೋದಕ್ಕೆ ನನ್ನ ಹತ್ರ ಮಸಿ ಇಲ್ಲ ಕಣೇ!"

ನಕ್ಕುಬಿಟ್ಟೆ. ಆದರೆ ಆ ಪ್ರಶ್ನೆ ಬಹಳ ದಿನ ನನ್ನ ಜೊತೆಯಲ್ಲೇ ಕಾಲೇಜಿಗೆ ಹೋಗಿ ಬರುತ್ತಿತ್ತು.

ಎಲ್ಲ ಸರಿಹೋಗುತ್ತಿತ್ತು, ಎತ್ತುಗಳಿಲ್ಲದಿದ್ದರೆ. ಕಲ್ಲು, ಮರಳು ಎಲ್ಲ ಬರಬೇಕಾದದ್ದು ಎತ್ತಿನ ಗಾಡಿಯಲ್ಲಿ. ನಮ್ಮ ಕಡೆ ಸೋಮವಾರ ಬಸವನ ದಿನ. ಯಾರೂ ನೊಗ ಹೂಡುವುದಿಲ್ಲ. ಗಾಡಿಯವರ ಹಿರಿಯ ಕೆಂಪಯ್ಯನ ಜೊತೆ ಮಾವ ನಡೆಸಿದ ಸಂಧಾನವನ್ನು ಮನೆಗೆ ಬಂದು ಅವರೇ ಅಭಿನಯಿಸಿ ತೋರಿಸಿದರು.

"ಕೆಂಪಯ್ಯ, ನಿನ್ನ ಎತ್ತಿಗೆ ಸೋಮವಾರದ ಬದಲು ಭಾನುವಾರ ರಜ ಕೊಟ್ರೆ ಆಗಲ್ವಾ?"

"ಎತ್ತೇನು ನಿಮ್ ಆಪೀಸ್ನಾಗೆ ಸಂಬ್ಳ ತಗೋತದಾ ಸೋಮಿ, ಬಾನ್ವಾರ ರಜ ತಕ್ಕಳಾಕೆ? ಸೋಮಾರ ನಾ ನೊಗ ಮುಟ್ಟಾಕಿಲ್ಲ, ಬುಡಿ."

ಹಾಳೆ ಜೋಡಿಸಿ ಕಿಟಕಿಗೆ ಹಿಡಿದರೆ ಭಾನುವಾರವೂ ಕಪ್ಪು, ಸೋಮವಾರವೂ ಕಪ್ಪು. ವಾರವಾರವೂ ಎರಡೆರಡು ದಿನ ಕತ್ತಲು! ಮಾವ ಊಟ ಬಿಟ್ಟು ಯೋಚಿಸಿದರು. ಕಡೆಗೊಂದು ದಿನ ತಟ್ಟೆಯ ಮುಂದೆಯೇ ತೊಡೆ ತಟ್ಟಿಕೊಂಡರು. ಎತ್ತು ಬದಲಾಗದಿದ್ದರೆ ಮನುಷ್ಯರು ಬದಲಾಗಲಿ! ಸೇತುವೆ ಕೆಲಸದವರೆಲ್ಲ ಭಾನುವಾರ ದುಡಿದು ಸೋಮವಾರ ರಜೆ ಮಾಡಲಿ.

ಎಲ್ಲರೂ ಒಪ್ಪಿದರು. ಎಂಜಿನಿಯರು ಬಹಳ ಮೆಚ್ಚಿ, ತಾವು ಮಾತ್ರ ಎರಡೂ ದಿನ ರಜೆ ಇಟ್ಟುಕೊಂಡರು. "ಕ್ಯಾಲೆಂಡರ್ ಮಾಡಿದವರು ನೀವೇ, ಭಾನುವಾರ ಅಲ್ಲಿ ನಿಂತು ನಡೆಸುವವರೂ ನೀವೇ ಆಗಿ" ಎಂದು ಮಾವನಿಗೆ ಬಡ್ತಿ ಸಿಕ್ಕಷ್ಟೇ ಖುಷಿಯಾಗುವ ಹಾಗೆ ಹೇಳಿದರು.

ಎಷ್ಟೊಂದು ಹಾಳೆ ಮಾಡಿದ ಮಾವ ಒಬ್ಬರಿಗೆ ಮಾತ್ರ ಮಾಡಿರಲಿಲ್ಲ. ಅತ್ತೆಗೆ. ಅವರು ಪೂರಿಗಾಲಿಯ ಶಾಲೆಯಲ್ಲಿ ಟೀಚರಾಗಿದ್ದರು. ವರ್ಗದ ಅರ್ಜಿ ಹಾಕಿ ಹಾಕಿ ಬೇಸತ್ತು, ಅಲ್ಲೇ ಒಂದು ಕೋಣೆ ಮಾಡಿಕೊಂಡಿದ್ದರು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಮಳವಳ್ಳಿಯಲ್ಲೊಂದು ಬಸ್ಸು, ಮದ್ದೂರಿನಲ್ಲೊಂದು ಬಸ್ಸು ಬದಲಿಸಿ, ಎಣ್ಣೆ ಇಳಿದ ಕಾಗದದಲ್ಲಿ ವಡೆ ಕಟ್ಟಿಸಿಕೊಂಡು ಸಂಜೆಗೆ ಮಂಡ್ಯ ಸೇರುತ್ತಿದ್ದರು. ಸೋಮವಾರ ಮೊದಲ ಬಸ್ಸಿಗೆ ವಾಪಸ್ಸು. ಗಂಡಹೆಂಡತಿಗೆ ಇದ್ದದ್ದು ಅದೊಂದೇ ಭಾನುವಾರ. ಆ ದಿನ ಮಾವ ಈರುಳ್ಳಿ ಹೆಚ್ಚುವುದು, ಅತ್ತೆ ಅದು ದಪ್ಪವಾಯಿತೆಂದು ಬೈಯುವುದು, ಇಬ್ಬರೂ ಸಂಜೆ ಸುಮ್ಮನೆ ಜಗಲಿಯ ಮೇಲೆ ಕೂರುವುದು. ಅಷ್ಟೇ. ಆ ದಿನವನ್ನು ಮಾವ ತಮ್ಮ ಕೈಯಾರೆ ಎತ್ತುಗಳಿಗೆ ಬಿಟ್ಟುಕೊಟ್ಟಿದ್ದರು!

ಮೊದಲ ಭಾನುವಾರ ಬೆಳಿಗ್ಗೆ ಮಾವ ಬಸ್ಸು ಹತ್ತಿದ ಮೇಲೆ ಅತ್ತೆ ಅನ್ನ, ಸಾರು ಮಾಡಿ ನನಗೂ ಬಡಿಸಿ, ತಾವೂ ಬಡಿಸಿಕೊಂಡರು. ಈರುಳ್ಳಿ ಸಣ್ಣಗೆ ಹೆಚ್ಚಿದ್ದರು. ಬೈಸಿಕೊಳ್ಳಲು ಯಾರೂ ಇರಲಿಲ್ಲ.

"ಎತ್ತಿನ ಮನಸ್ಸು ಅರ್ಥವಾಗತ್ತೆ ಕಣೇ ನಿಮ್ಮ ಮಾವಂಗೆ" ಎಂದರು.

ಒಂದೆರಡು ವಾರ ಬಂದು ನೋಡಿ, ಆಮೇಲೆ ಬರುವುದನ್ನೇ ಬಿಟ್ಟರು. ಇತ್ತ ಸೋಮವಾರ ನಾನು ಕಾಲೇಜಿಗೆ ಹೊರಟರೆ ಮಾವ ಇಸ್ತ್ರಿ ಅಂಗಿ ತೊಟ್ಟು ಜಗಲಿಯ ಮೇಲೆ ಕೂತಿರುತ್ತಿದ್ದರು. "ಇವತ್ತು ನನಗೆ ಭಾನುವಾರ" ಎಂದು ದಾರಿಹೋಕರಿಗೆಲ್ಲ ಹೇಳುತ್ತಿದ್ದರು. ಜನ ಹೌದೇ ಎಂದು ನಕ್ಕು ತಮ್ಮ ಸೋಮವಾರಕ್ಕೆ ಹೋಗುತ್ತಿದ್ದರು. ಸಂಜೆ ನಾನು ಬಂದಾಗಲೂ ಅಲ್ಲೇ ಕೂತಿರುತ್ತಿದ್ದರು. ಅಂಗಿಯ ಗೆರೆ ಮುರಿದಿರುತ್ತಿರಲಿಲ್ಲ.

"ಒಂದು ಭಾನುವಾರ ರಜ ಹಾಕಿ ಮಾವ" ಎಂದೆ.

"ಕ್ಯಾಲೆಂಡರ್ ಮಾಡಿದೋನೇ ರಜ ಹಾಕಿದ್ರೆ ಎತ್ತು ಏನಂದ್ಕೊಳ್ಳತ್ತೆ?"

ಒಂದು ಸೋಮವಾರ ತಡೆಯಲಾರದೆ ಪೂರಿಗಾಲಿಗೇ ಹೋದರು. ಕಂಕುಳಲ್ಲಿ ಹಾಳೆಗಳ ಸುರುಳಿ, ಮೈಮೇಲೆ ಇಸ್ತ್ರಿ ಅಂಗಿ. ಶಾಲೆಯ ಬಾಗಿಲಲ್ಲಿ ನಿಂತದ್ದೇ ತಡ, ಹೆಡ್‌ಮಾಸ್ತರು ಇನ್ಸ್‌ಪೆಕ್ಟರ್ ಬಂದರೆಂದು ಓಡಿ ಬಂದು ತಮ್ಮ ಕುರ್ಚಿ ಬಿಟ್ಟುಕೊಟ್ಟರಂತೆ. ಎಳನೀರು ಬಂತು. ಮಕ್ಕಳೆಲ್ಲ ಎದ್ದು ನಿಂತು ಮಗ್ಗಿ ಒಪ್ಪಿಸಿದರು. ಮಾವನಿಗೆ ಬೇಡವೆನ್ನಲು ಬಾಯಿ ಬರಲಿಲ್ಲ. ಕೊನೆಗೆ ಅತ್ತೆ ಸೀಮೆಸುಣ್ಣದ ಕೈಯಲ್ಲೇ ಹೊರಗೆ ಬಂದು ನೋಡಿ, "ಇನ್ಸ್‌ಪೆಕ್ಟರೂ ಅಲ್ಲ, ಏನೂ ಅಲ್ಲ. ನಮ್ಮನೆಯವರು" ಎಂದರು. ಮಗ್ಗಿ ಅರ್ಧಕ್ಕೇ ನಿಂತಿತು! ಇಬ್ಬರಿಗೂ ಮಾತಿಗೆ ಸಿಕ್ಕಿದ್ದು ಮಧ್ಯಾಹ್ನದ ಬಿಡುವು ಮಾತ್ರ. ಅದೂ ಸುತ್ತ ಶಾಲೆಯ ಮಕ್ಕಳೆಲ್ಲ ನಿಂತು ನೋಡುತ್ತಿರುವಾಗ. "ಏನು ಮಾತಾಡಿದ್ರಿ?" ಎಂದು ಕೇಳಿದೆ. "ಎಳನೀರು ಚೆನ್ನಾಗಿತ್ತು ಅಂದೆ" ಎಂದು ಸುರುಳಿ ಬಿಚ್ಚಿ ಕೂತರು.

ಮುಂದಿನ ಶನಿವಾರ ಸಂಜೆ ಅತ್ತೆ ಹೇಳದೆ ಕೇಳದೆ ಬಂದಿಳಿದರು. ಭಾನುವಾರ ಮಾವ ಹೊರಟ ಮೇಲೆ ಟಿಫಿನ್ ಕ್ಯಾರಿಯರ್ ತುಂಬಿ, "ನಡಿ, ಬಸ್ಸು ಹತ್ತು" ಎಂದು ನನ್ನನ್ನೂ ಎಬ್ಬಿಸಿದರು.

ನಾಲೆಯ ಏರಿಯ ಮೇಲೆ ನಮ್ಮನ್ನು ಕಂಡದ್ದೇ ಮಾವ ಗಾಬರಿಯಾಗಿ, "ಇವತ್ತು ಕೆಲಸದ ದಿನ!" ಎಂದು ಕೂಗಿದರು.

"ನನಗೆ ರಜ. ನೀವು ಕೆಲಸ ಮಾಡ್ಕೊಳ್ಳಿ, ನಾನು ಕೂತಿರ್ತೀನಿ."

ಕಲ್ಲು ಇಳಿಸುತ್ತಿದ್ದ ಕೆಂಪಯ್ಯ ಟವೆಲಿನಿಂದ ಮುಖ ಒರೆಸಿಕೊಂಡು ಹತ್ತಿರ ಬಂದ. "ಯಾಕ್ರವ್ವಾ, ಈ ಬಿಸ್ಲಲ್ಲಿ ಇಲ್ಲಿಗಂಟ?"

"ನಿಮ್ಮ ಸಾಹೇಬ್ರು ಭಾನುವಾರ ಮನೇಲಿರಲ್ವಲ್ಲಪ್ಪ. ಅದಕ್ಕೆ ಭಾನುವಾರನೇ ಇಲ್ಲಿಗೆ ಹೊತ್ಕೊಂಡು ಬಂದೆ."

ಕೆಂಪಯ್ಯ ಅತ್ತೆಯನ್ನು ನೋಡಿದ, ಎತ್ತುಗಳನ್ನು ನೋಡಿದ, ಆಮೇಲೆ ಮಾವನನ್ನು. "ಅಯ್ಯೋ, ನಮ್ಮೆತ್ತಿನ ದೆಸೆಯಿಂದ ಅಮ್ಮಾವ್ರಿಗೆ ಇಂಗಾಯ್ತಾ? ಮೊದ್ಲೇ ಯೋಳ್ಬಾರ್ದಾ ಸೋಮಿ! ಓಗಿ, ಕುಂತ್ಕಳಿ. ನೀವು ನಿಂತಿದ್ರೂ ಕಲ್ಲಿಳಿಯಾದು ನಮ್ ಕೈಯಿಂದ್ಲೇಯ!"

ಮಾವ ಒಮ್ಮೆ ಸೇತುವೆಯ ಕಡೆ ತಿರುಗಿದರು. ಕೆಲಸ ನಡೆದೇ ಇತ್ತು. ಅವರನ್ನು ಯಾರೂ ಕರೆಯಲಿಲ್ಲ. ತಗಡಿನ ಶೆಡ್ಡಿಗೆ ಬಂದರೆ ನೆಲದ ತುಂಬ ಸಿಮೆಂಟಿನ ಧೂಳು. ಅತ್ತೆ ಕೂರಲು ಜಾಗ ಹುಡುಕುತ್ತಿದ್ದರು. ಮಾವ ಕಂಕುಳಿನ ಸುರುಳಿ ತೆಗೆದು, ಕೊಡವಿ, ನೆಲದ ಮೇಲೆ ಹಾಸಿದರು. ಕಚೇರಿಯ ಹಾಳೆ, ಗಾರೆಯವರದು, ನಾಲೆಯದು, ಎಲ್ಲಕ್ಕಿಂತ ಮೇಲೆ ಎತ್ತುಗಳದು.

"ಕೂತ್ಕೋ."

"ಕೊಳೆಯಾಗಲ್ವಾ ನಿಮ್ಮ ಕ್ಯಾಲೆಂಡರು?"

"ಒಗೆದ್ರೆ ಮೆತ್ತಗಾಗತ್ತೆ, ಬಿಡು."

ನನಗೆ ನಗು ತಡೆಯಲಾಗಲಿಲ್ಲ. ಕೆಣಕೋಣವೆಂದು ಕೇಳಿದೆ: "ಮಾವ, ಇವತ್ತು ಯಾವ ವಾರ?"

ಎಂದಿನಂತೆ ಕನ್ನಡಕದ ಮೇಲಿನಿಂದ ನೋಡಿದರು. ಬಾಯಿ ತೆರೆದರು. ಪಕ್ಕದಲ್ಲಿ ಅತ್ತೆ ಕ್ಯಾರಿಯರಿನ ಮುಚ್ಚಳದಲ್ಲಿ ಅವರಿಗೆ ಮೊಸರನ್ನ ಬಡಿಸುತ್ತಿದ್ದರು.

"ಭಾನುವಾರ ಕಣೇ" ಎಂದರು.

ಅಂದಿನ ದಿನಚರಿಯಲ್ಲಿ "ಕಿರುಗಾವಲು. ಮೊಸರನ್ನ ಹುಳಿ" ಎಂದಷ್ಟೇ ಇದೆ. ಈ ಮಾತನ್ನು ಮಾವ ನಿಜಕ್ಕೂ ಆಡಿದರೋ, ಆಡಬೇಕಿತ್ತೆಂದು ನಾನು ಅವರ ಬಾಯಿಗೆ ಇಟ್ಟೆನೋ? ಎಷ್ಟು ಯೋಚಿಸಿದರೂ ನನಗೆ ಆಡಿದ್ದೇ ಕೇಳಿಸುತ್ತದೆ.

ಅವರಿಬ್ಬರನ್ನೂ ಅಲ್ಲೇ ಬಿಟ್ಟು ನಾನೊಬ್ಬಳೇ ರಸ್ತೆಗೆ ಬಂದು ಬಸ್ಸಿಗೆ ಕಾದೆ. ಬಸ್ಸು ಬಹಳ ಹೊತ್ತು ಬರಲಿಲ್ಲ. ಇವತ್ತು ಭಾನುವಾರ ಎಂದು ನನಗೆ ನಾನೇ ಹೇಳಿಕೊಂಡೆ. "ಯಾರಿಗೆ?" ಎಂಬ ಪ್ರಶ್ನೆ, ಕೇಳುವವರಿಲ್ಲದಿದ್ದರೂ, ತಾನಾಗಿಯೇ ಬಂತು.